ಬೆತ್ತವಿಲ್ಲದ ಪಾಠ: ಒಂದು ಚಿತ್ರಗ್ರಂಥದ ಇತಿಹಾಸ

ವಿದ್ಯೆ ಕಲಿಸುವ ನೆಪದಲ್ಲಿ ಮಕ್ಕಳ ಮೇಲೆ ನಡೆಯುವ ಹಿಂಸೆಯನ್ನು ಲೋಕವು ಬಹುಕಾಲ ಹಿಂಸೆಯೆಂದೇ ಎಣಿಸಲಿಲ್ಲ. ಬೆತ್ತ, ಬೆದರಿಕೆ, ಅರ್ಥವರಿಯದ ಬಾಯಿಪಾಠ ಇವೆಲ್ಲ ಶಿಕ್ಷಣದ ಅಂಗಗಳೆಂದೇ ನಂಬಲಾಗಿತ್ತು. ಹದಿನೇಳನೆಯ ಶತಮಾನದ ಯೂರೋಪಿನಲ್ಲಿ ಈ ನಂಬಿಕೆಯನ್ನು ಪ್ರಶ್ನಿಸಿದವರಲ್ಲಿ ಜಾನ್ ಆಮೋಸ್ ಕೊಮೀನಿಯಸ್ ಪ್ರಮುಖನು. ತನ್ನ ಕಾಲದ ಶಾಲೆಗಳನ್ನು ಆತ ಮನಸ್ಸುಗಳ ಕಸಾಯಿಖಾನೆಗಳೆಂದು ಕರೆದನು.

ಕೊಮೀನಿಯಸ್ ಜನಿಸಿದುದು 1592ರಲ್ಲಿ, ಇಂದಿನ ಚೆಕ್ ಗಣರಾಜ್ಯಕ್ಕೆ ಸೇರಿದ ಮೊರೇವಿಯದಲ್ಲಿ. ಸಣ್ಣದೊಂದು ಕ್ರೈಸ್ತ ಪಂಗಡದ ಧರ್ಮಗುರುವಾಗಿದ್ದ ಆತನ ಬಾಳು ಮೂವತ್ತು ವರ್ಷಗಳ ಯುದ್ಧದ (1618-1648) ಬೇಗೆಗೆ ಸಿಕ್ಕಿತು. 1622ರಲ್ಲಿ ಪತ್ನಿಯೂ ಇಬ್ಬರು ಮಕ್ಕಳೂ ಪ್ಲೇಗಿಗೆ ಬಲಿಯಾದರು. 1628ರಲ್ಲಿ ತಾಯ್ನಾಡನ್ನು ತೊರೆದು ಪೋಲೆಂಡಿನ ಲೆಷ್ನೋ ಪಟ್ಟಣವನ್ನು ಸೇರಿದನು. 1656ರಲ್ಲಿ ಮತ್ತೊಂದು ಯುದ್ಧದಲ್ಲಿ ಆ ಪಟ್ಟಣವೂ ಸುಟ್ಟುಹೋಯಿತು. ನಾಲ್ಕು ದಶಕಗಳಿಗೂ ಮೀರಿ ಶ್ರಮಿಸಿದ ಚೆಕ್ ನಿಘಂಟಿನ ಹಸ್ತಪ್ರತಿ ಬೂದಿಯಾಯಿತು. ಅದಾದ ಎರಡೇ ವರ್ಷಕ್ಕೆ, 1658ರಲ್ಲಿ, ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಆತನ ‘ಆರ್ಬಿಸ್ ಸೆನ್ಸುವಾಲಿಯಂ ಪಿಕ್ಟಸ್’ ಅಚ್ಚಾಯಿತು. ಕಣ್ಣಿಗೆ ಕಾಣುವ ಜಗತ್ತಿನ ಚಿತ್ರಣವೆಂಬುದು ಹೆಸರಿನ ಭಾವ. ಮಕ್ಕಳ ಚಿತ್ರಪುಸ್ತಕಗಳ ಇತಿಹಾಸವನ್ನು ಸಾಮಾನ್ಯವಾಗಿ ಈ ಗ್ರಂಥದಿಂದಲೇ ಆರಂಭಿಸುವುದುಂಟು.

ಗ್ರಂಥವು ಗುರುಶಿಷ್ಯ ಸಂವಾದದೊಂದಿಗೆ ತೆರೆಯುತ್ತದೆ. ವಿವೇಕವೆಂದರೇನೆಂದು ಬಾಲಕನು ಕೇಳುತ್ತಾನೆ. ತಿಳಿವು, ನಡೆ, ನುಡಿ ಮೂರೂ ನೇರವಾಗಿರುವುದೇ ವಿವೇಕವೆಂಬುದು ಗುರುವಿನ ಉತ್ತರದ ಸಾರ. ಬಳಿಕ ಅಕ್ಷರಮಾಲೆ. ಕಾಗೆಯ ಕೂಗು, ಕುರಿಮರಿಯ ದನಿ ಮೊದಲಾದ ಪರಿಚಿತ ಧ್ವನಿಗಳಿಂದ ಮಗು ಅಕ್ಷರವನ್ನು ಕಲಿಯುತ್ತದೆ. ಮುಂದೆ ಸುಮಾರು 150 ಪಾಠಗಳು. ಮರದಚ್ಚಿನ ಚಿತ್ರದೊಳಗಿನ ವಸ್ತುಗಳಿಗೆ ಅಂಕಿಗಳಿವೆ. ಲ್ಯಾಟಿನ್ ಮತ್ತು ಜರ್ಮನ್ ವಾಕ್ಯಗಳಲ್ಲಿಯೂ ಅವೇ ಅಂಕಿಗಳು. ಪದವನ್ನು ಓದಿದ ಕಣ್ಣು ವಸ್ತುವನ್ನು ತಾನೇ ಹುಡುಕಿಕೊಳ್ಳುತ್ತದೆ, ಬಲವಂತಕ್ಕೆ ಎಡೆಯಿಲ್ಲ. ಎಲ್ಲವೂ ಸಹಜವಾಗಿ ಹರಿಯಲಿ, ಹಿಂಸೆ ದೂರವಿರಲಿ ಎಂಬರ್ಥದ ನುಡಿಯನ್ನೇ ಕೊಮೀನಿಯಸ್ ತನ್ನ ಧ್ಯೇಯವಾಗಿ ಆರಿಸಿಕೊಂಡಿದ್ದನು.

ಆದರೂ ಗ್ರಂಥದಲ್ಲಿ ಚಿಂತನೆಗೆ ಹಚ್ಚುವ ಇನ್ನೊಂದು ಮುಖವಿದೆ. ತಾಳ್ಮೆ, ಸಂಯಮ, ಔದಾರ್ಯ, ನ್ಯಾಯಗಳಿಗೆ ಪಾಠಗಳಿರುವಂತೆಯೇ ಬೇಟೆಗೆ, ಕಟುಕನ ಕಸುಬಿಗೆ, ಕೋಟೆಯ ಮುತ್ತಿಗೆಗೆ, ಅಪರಾಧಿಗಳ ಘೋರ ಶಿಕ್ಷೆಗೂ ಚಿತ್ರಗಳಿವೆ. ಜಗತ್ತನ್ನು ಇದ್ದಂತೆ ತೋರಿಸುವುದು ಗ್ರಂಥಕರ್ತನ ಉದ್ದೇಶವಾಗಿತ್ತು. ಆದರೆ ನೇಣುಗಂಬವೂ ರೊಟ್ಟಿಯ ಒಲೆಯೂ ಒಂದೇ ನಿರ್ವಿಕಾರ ಧ್ವನಿಯಲ್ಲಿ ವರ್ಣಿತವಾದಾಗ, ನೋವುಣ್ಣುವ ಜೀವದ ಕಡೆಗೆ ಮಗುವಿನ ಮನಸ್ಸನ್ನು ತಿರುಗಿಸುವವರು ಯಾರು? ಬೋಧನೆಯ ವಿಧಾನದಿಂದ ಹಿಂಸೆಯನ್ನು ಹೊರಗಟ್ಟಿದವನು ಬೋಧನೆಯ ವಸ್ತುವಿನಿಂದ ಅದನ್ನು ಹೊರಗಿಡಲಿಲ್ಲ. ಅದರ ಪಕ್ಕದಲ್ಲಿ ಕರುಣೆಯ ಮಾತನ್ನೂ ಇಡಲಿಲ್ಲ.

ಗ್ರಂಥದ ಕೀರ್ತಿ ಬೇಗನೆ ಹಬ್ಬಿತು. 1659ರಲ್ಲಿಯೇ ಚಾರ್ಲ್ಸ್ ಹೂಲ್ ಅದನ್ನು ಇಂಗ್ಲಿಷಿಗೆ ತಂದನು. ಶತಮಾನದ ಬಳಿಕ ಕವಿ ಗಯಟೆಯ ಬಾಲ್ಯಕ್ಕೂ ಅದು ಒದಗಿತು. ಕೊಮೀನಿಯಸ್ 1670ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ, ಪರದೇಶಿಯಾಗಿಯೇ, ತೀರಿಕೊಂಡನು.

ಮನೆಯಲ್ಲಿಯೂ ಬಸದಿಯ ಪಾಠಶಾಲೆಯಲ್ಲಿಯೂ ಮಕ್ಕಳಿಗೆ ಚಿತ್ರಪುಸ್ತಕವನ್ನು ಆರಿಸಿ ಕೊಡುವ ಹಿರಿಯರಿಗೆ ಈ ಇತಿಹಾಸವು ಎರಡು ಹೊಣೆಗಳನ್ನು ನೆನಪಿಸುತ್ತದೆ. ಮಗುವು ಭಯವಿಲ್ಲದೆ ಕಲಿಯಬೇಕು; ಇದು ಕೊಮೀನಿಯಸ್ ಕಲಿಸಿದ ಪಾಠ. ಲೋಕದ ಕ್ರೌರ್ಯವು ಚಿತ್ರವಾಗಿ ಎದುರಾದಾಗ ಮಗುವಿನ ಪಕ್ಕದಲ್ಲಿ ಕುಳಿತು, ಆ ನೋವು ಯಾರದೆಂದು ತಿಳಿಯಹೇಳಬೇಕು. ಇದು ಆತ ಉಳಿಸಿಹೋದ ಪಾಠ.