ಅಶೋಕಾರಿಷ್ಟದ ಬಾಟಲಿಯಲ್ಲಿ ಯಾವ ಅಶೋಕ?

ನಿಮ್ಮ ಅಪಾರ್ಟ್‌ಮೆಂಟ್ ಕಾಂಪೌಂಡ್ ಪಕ್ಕ ಕಂಬದ ಥರ ನೆಟ್ಟಗೆ ನಿಂತಿರೋ ಮರಗಳಿರ್ತಾವಲ್ಲ, ಅದನ್ನ ನಾವು ಅಶೋಕ ಅಂತೀವಿ. ಚೆನ್ನೈಯಲ್ಲಿ ಕೇಳಿದ್ರೆ ನೆಟ್ಟಿಲಿಂಗಂ, ಮುಂಬೈನ ಗುಜರಾತಿಗಳನ್ನ ಕೇಳಿದ್ರೆ ಆಸೋಪಾಲವ್. ಅವರ ಹೆಸರುಗಳೇ ವಾಸಿ. ಯಾಕಂದ್ರೆ ಅದು ಸೀತಾಫಲದ ಕುಟುಂಬದ ಮರ. ವೈದ್ಯರ ಅಶೋಕ ಬೇರೆಯೇ, ಅದು ಹುಣಸೆಯ ಬಳಗದ್ದು. ಸೀತಾ ಅಶೋಕ ಅಂತಾರಲ್ಲ, ಅದು.

ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋದ್ರೆ ಅಶೋಕದ ತೊಗಟೆ ಕೊಡೋದು ಆಯುರ್ವೇದದಲ್ಲಿ ಹಳೇ ಪದ್ಧತಿ. ಆದರೆ ಎಷ್ಟು ಹಳೇದು? ಚರಕ ಸಂಹಿತೆಯಲ್ಲಿ ಅಶೋಕ ಸಿಗೋದು ನೋವು ಶಮನ ಮಾಡುವ ಹತ್ತು ದ್ರವ್ಯಗಳ ಪಟ್ಟಿಯಲ್ಲಿ. 11ನೇ ಶತಮಾನದ ಬಂಗಾಳದ ಚಕ್ರಪಾಣಿದತ್ತನ ಗ್ರಂಥಕ್ಕೆ ಬಂದಾಗ, ತೊಗಟೆ ಹಾಕಿ ಕಾಯಿಸಿ ತಣಿಸಿದ ಹಾಲನ್ನ ಅತಿಸ್ರಾವಕ್ಕೆ ಕೊಡಿ ಅಂತ ನೇರವಾಗಿ ಹೇಳಿದೆ. ಇವತ್ತು ಅಂಗಡಿಯಲ್ಲಿ ಸಿಗೋ ಅರಿಷ್ಟದ ಪಾಠ 'ಭೈಷಜ್ಯ ರತ್ನಾವಳಿ'ಯದು, ಅದು ಇನ್ನೂ ಎಷ್ಟೋ ಶತಮಾನ ಈಚಿನ ಗ್ರಂಥ. ಅಂದ್ರೆ 'ವೇದಕಾಲದಿಂದ' ಅನ್ನೋ ಜಾಹೀರಾತಿನ ಮಾತು ಬಿಟ್ಟುಬಿಡಿ. ಸುಮಾರು ಸಾವಿರ ವರ್ಷದ ಬಳಕೆ ಅನ್ನೋದೇ ಸಣ್ಣ ಮಾತಲ್ಲ.

ಅದರ ಅಳತೆ ನೋಡಿ, ಇದು ನನಗೆ ತುಂಬಾ ಇಷ್ಟವಾದ ಭಾಗ. ಸರ್ಕಾರಿ ಆಯುರ್ವೇದ ಫಾರ್ಮುಲರಿ ಪ್ರಕಾರ 4.8 ಕೆ.ಜಿ. ತೊಗಟೆಯನ್ನ 49 ಲೀಟರ್ ನೀರಲ್ಲಿ ಹಾಕಿ, ಕಾಲು ಭಾಗಕ್ಕೆ ಇಳಿಯೋವರೆಗೂ ಕುದಿಸಬೇಕು. ಸೋಸಿ 9.6 ಕೆ.ಜಿ. ಬೆಲ್ಲ, ಧಾತಕಿ ಹೂವು, ಜೀರಿಗೆ, ಶುಂಠಿ, ತ್ರಿಫಲ, ಚಂದನ ಇತ್ಯಾದಿ ಸೇರಿಸಿ ಹುಳಿಯೋಕೆ ಬಿಡಬೇಕು. ಹಾಗೆ ಹುಳಿತಾ ಮದ್ಯಸಾರ ತಾನಾಗೇ ಹುಟ್ಟುತ್ತೆ. 'ಬರೀ ಗಿಡಮೂಲಿಕೆ, ಏನೂ ಆಗಲ್ಲ' ಅಂತ ಗರ್ಭಿಣಿಯರಿಗೆ ಕುಡಿಸೋರು ಈ ಸಾಲನ್ನ ಎರಡು ಸಲ ಓದಿ.

ಈಗ ಲೆಕ್ಕ ಹಾಕಿ. ಒಂದೊಂದು ಬ್ಯಾಚ್‌ಗೂ ಕಿಲೋಗಟ್ಟಲೆ ತೊಗಟೆ. ಎಲೆ ಕಿತ್ರೆ ಮತ್ತೆ ಚಿಗುರುತ್ತೆ, ಆದ್ರೆ ಕಾಂಡದ ಸುತ್ತ ತೊಗಟೆ ಸುಲಿದ್ರೆ ಮರ ಸಾಯುತ್ತೆ. ಪಶ್ಚಿಮ ಘಟ್ಟದ ಹಳ್ಳದ ಬದಿಯಲ್ಲಿ ಬೆಳೆಯೋ ಈ ಮರವನ್ನ ಐಯುಸಿಎನ್ 1998ರಲ್ಲೇ ಅಪಾಯದ ಪಟ್ಟಿಗೆ ಸೇರಿಸಿದೆ. ಬೇಡಿಕೆ ಇದೆ, ಮರ ಇಲ್ಲ. ಹಾಗಿದ್ರೆ ಮಾರ್ಕೆಟ್‌ಗೆ ಬರ್ತಿರೋದು ಏನು? 2016ರಲ್ಲಿ ಪ್ರಕಟವಾದ ಒಂದು ಡಿಎನ್‌ಎ ಬಾರ್‌ಕೋಡಿಂಗ್ ಅಧ್ಯಯನದಲ್ಲಿ, ಅಶೋಕ ಅಂತ ಮಾರ್ತಿದ್ದ ತೊಗಟೆಯ ಸ್ಯಾಂಪಲ್‌ಗಳಲ್ಲಿ ಶೇ 80ಕ್ಕಿಂತ ಹೆಚ್ಚು ಬೇರೆ ಮರದ್ದು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಫೈಲ್ ಹೆಸರು ಸರಿ ಇದೆ, ಹ್ಯಾಶ್ ಮ್ಯಾಚ್ ಆಗ್ತಿಲ್ಲ. ನಮ್ಮ ಕಾಂಪೌಂಡ್ ಮರದ ತೊಗಟೆಯೂ ಈ ಕಲಬೆರಕೆಯಲ್ಲಿ ಹಳೇ ಹೆಸರೇ.

ಹಾಗಾಗಿ 'ಕುಡಿದೆ, ಗುಣ ಆಗಲಿಲ್ಲ' ಅಂತ ಒಬ್ಬರು, 'ಗುಣ ಆಯ್ತು' ಅಂತ ಇನ್ನೊಬ್ಬರು ಹೇಳಿದ್ರೆ, ಇಬ್ಬರೂ ಒಂದೇ ಔಷಧಿ ಕುಡಿದಿದ್ದಾರೆ ಅನ್ನೋ ಖಾತ್ರಿಯೇ ಇಲ್ಲ. ಊರಿಂದ ಅಮ್ಮ ಕಳಿಸಿದ ಬಾಟಲಿ ಮನೆಯಲ್ಲಿ ಇದ್ರೂ, ತಿಂಗಳು ತಿಂಗಳೂ ಜಾಸ್ತಿ ರಕ್ತ ಹೋಗ್ತಿದ್ರೆ ಮೊದಲು ಹಿಮೋಗ್ಲೋಬಿನ್ ಟೆಸ್ಟ್, ಬೇಕಿದ್ರೆ ಸ್ಕ್ಯಾನ್. ಫೈಬ್ರಾಯ್ಡ್ ಇದ್ಯೋ, ಥೈರಾಯ್ಡೋ ಅಂತ ಬಾಟಲಿ ಹೇಳಲ್ಲ.

ಅಸಲಿ ಮರ ನೋಡ್ಬೇಕು ಅಂದ್ರೆ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಯಾವುದಾದ್ರೂ ಬೊಟಾನಿಕಲ್ ಗಾರ್ಡನ್‌ಗೆ ಹೋಗಿ. ಕಿತ್ತಳೆಯಿಂದ ಕೆಂಪಿಗೆ ತಿರುಗೋ ಹೂಗೊಂಚಲು ಬಲಿತ ಕೊಂಬೆಗೇ ಅಂಟಿಕೊಂಡಿರುತ್ತೆ, ಎಳೇ ಎಲೆ ತಾಮ್ರದ ಬಣ್ಣದಲ್ಲಿ ಜೋಲಾಡ್ತಿರುತ್ತೆ. ಕಾಂಪೌಂಡ್ ಮರದ ಹೂವೋ, ತಿಳಿ ಹಸಿರು. ಎಲೆಗಳ ಮಧ್ಯೆ ಕಾಣೋದೇ ಕಷ್ಟ.