ಜೊತೆಗೆ ನಿಂತವರು

ಸಾಧಕಿಯರ ಕತೆ ಹೇಳುವಾಗ ನಾವು ಅವರ ಛಲವನ್ನು ಹೊಗಳಿ ಮುಗಿಸಿಬಿಡುತ್ತೇವೆ. ಆ ಛಲ ಮುರಿಯದಂತೆ ಪಕ್ಕದಲ್ಲಿ ನಿಂತವರ ಹೆಸರು ಯಾರಿಗೂ ನೆನಪಿರುವುದಿಲ್ಲ.

ಕಮಲಾ ಭಾಗವತ್ 1933ರಲ್ಲಿ ಮುಂಬಯಿಯಲ್ಲಿ ಬಿ.ಎಸ್ಸಿ. ಮುಗಿಸಿ, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕಿದರು. ಅಂಕಗಳಿಗೇನೂ ಕೊರತೆಯಿರಲಿಲ್ಲ. ಆದರೂ ಹೆಣ್ಣೆಂಬ ಕಾರಣಕ್ಕೆ ನಿರ್ದೇಶಕರಾಗಿದ್ದ ಸರ್ ಸಿ.ವಿ. ರಾಮನ್ ಒಪ್ಪಲಿಲ್ಲ. ಕಮಲಾ ಬಿಡಲಿಲ್ಲ, ಬೆಂಗಳೂರಿಗೇ ಬಂದು ಹಟ ಹಿಡಿದರು. ಕೊನೆಗೆ ಪ್ರವೇಶವೇನೋ ಸಿಕ್ಕಿತು, ಆದರೆ ಷರತ್ತುಗಳೊಡನೆ: ಮೊದಲ ವರ್ಷ ಪರೀಕ್ಷಾರ್ಥ, ಗುರುಗಳು ಹೇಳಿದರೆ ರಾತ್ರಿಯೂ ದುಡಿಯಬೇಕು, ಗಂಡುಹುಡುಗರ ಗಮನ ಕೆಡಿಸಬಾರದು!

ಅಂಥ ಜಾಗದಲ್ಲಿ ಆಕೆಗೆ ಸಿಕ್ಕಿದ ಗುರು ಎಂ. ಶ್ರೀನಿವಾಸಯ್ಯ. ಬಹಳ ಶಿಸ್ತಿನ ಮನುಷ್ಯ. ಕನಿಕರ ತೋರಿಸಲಿಲ್ಲ, ಕೆಲಸ ಕಲಿಸಿದರು. ನಮ್ಮ ಅಡುಗೆಮನೆಯ ಹಾಲು, ಬೇಳೆಕಾಳುಗಳ ಪ್ರೋಟೀನುಗಳ ಮೇಲೆ ಕಮಲಾ ಸಂಶೋಧನೆ ನಡೆಸಿದರು. 1936ರಲ್ಲಿ ಎಂ.ಎಸ್ಸಿ. ಬಂತು. ಆಕೆಯ ಕೆಲಸ ಕಂಡ ರಾಮನ್ ಮುಂದೆ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದರು.

ಕೇಂಬ್ರಿಜ್‌ಗೆ ಹೋದಾಗ ಡೆರಿಕ್ ರಿಕ್ಟರ್ ಎಂಬ ವಿಜ್ಞಾನಿ ತಮ್ಮ ಕೆಲಸದ ಮೇಜಿನಲ್ಲೇ ಆಕೆಗೆ ಜಾಗ ಮಾಡಿಕೊಟ್ಟರು. 1939ರಲ್ಲಿ ಆಕೆ ಪಿಎಚ್.ಡಿ. ಪಡೆದರು. ವಿಜ್ಞಾನದಲ್ಲಿ ಆ ಪದವಿ ಪಡೆದ ಮೊದಲ ಭಾರತೀಯ ಮಹಿಳೆಯೆಂದೇ ಕಮಲಾ ಸೊಹೋನಿಯವರನ್ನು ಇಂದು ನೆನೆಯುತ್ತಾರೆ. ಆದರೂ ಆರಂಭದ ಆ ಅವಮಾನವನ್ನು ಅವರು ಮುಪ್ಪಿನಲ್ಲೂ ಮರೆತಿರಲಿಲ್ಲ.

ಹೆಣ್ಣಾದದ್ದಕ್ಕೆ ಒಂದು ಬಾಗಿಲು ಮುಚ್ಚಿದರೆ, ಹುಟ್ಟಿದ ಜಾತಿಗೆ ಹತ್ತು ಬಾಗಿಲು. ಅಂಬೇಡ್ಕರರು 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದಾಗ ಪ್ರೊಫೆಸರ್ ಸೆಲಿಗ್ಮನ್ ಅವರಿಗೆ ಆಸರೆಯಾದರು. 1916ರಲ್ಲಿ ಲಂಡನ್ನಿಗೆ ಹೊರಟಾಗ ಅಲ್ಲಿಯವರಿಗೆ ಪರಿಚಯಪತ್ರ ಬರೆದುಕೊಟ್ಟರು. ಒಂದು ಕಾಗದ, ಅಷ್ಟೇ. ಆದರೆ ಅಂಥ ಕಾಗದ ಬರೆದುಕೊಡುವವರು ಎಷ್ಟು ಜನಕ್ಕೆ ಸಿಗುತ್ತಾರೆ?

ನಮ್ಮ ಬಾಳೆಲೆಯ ಎರವರ ಹಾಡಿಯ ಹುಡುಗಿಯೊಬ್ಬಳು ದೂರದ ಊರಿನಲ್ಲಿ ಸಂಶೋಧನೆಗೆ ಸೇರಿದ್ದಾಳೆ. ಕಾಫಿ ತೋಟದ ಕೂಲಿಯಲ್ಲಿ ಅವ್ವ ಓದಿಸಿದ ಮಗು. "ಅಕ್ಕಾ, ಇಲ್ಲಿ ನನ್ನ ಕೆಲಸದ ಬಗ್ಗೆ ಯಾರೂ ಕೇಳೋದಿಲ್ಲ, ಯಾವ ಕೋಟಾದಲ್ಲಿ ಬಂದೆ ಅಂತ ಕೇಳ್ತಾರೆ. ವಾಪಸ್ ಬಂದುಬಿಡಲಾ?" ಎಂದು ಫೋನಿನಲ್ಲಿ ಅತ್ತಳು. ನಾನು ಕಮಲಾ ಅವರ ಕತೆ ಹೇಳಿದೆ. ಅವಳು ಸುಮ್ಮನೆ ಕೇಳಿ, "ಅವರಿಗೆ ಶ್ರೀನಿವಾಸಯ್ಯ ಇದ್ದರಲ್ಲಕ್ಕಾ" ಎಂದಳು.

ನಿಜ. ಧೈರ್ಯ ಹೇಳುವುದು ಸುಲಭ, ನಮಗೆ ಖರ್ಚಿಲ್ಲ. ಅವಳ ಬರಹವನ್ನು ಕೂತು ಓದಿ ತಿದ್ದುವವರು, ಸಭೆಯಲ್ಲಿ ಅವಳ ಹೆಸರು ಎತ್ತುವವರು, ಕೊಂಕು ಮಾತು ಬಂದಾಗ "ಅದು ಸರಿಯಲ್ಲ" ಎನ್ನುವವರು ಒಬ್ಬರಾದರೂ ಬೇಕು. ನಿಮ್ಮಲ್ಲಿ ಎಷ್ಟೋ ಮಂದಿ ಪಾಠ ಹೇಳುವವರು, ಕಚೇರಿಯಲ್ಲಿ ಹಿರಿಯರಾಗಿರುವವರು. ನಿಮ್ಮ ಮೇಜಿನ ಒಂದು ಮೂಲೆ ಖಾಲಿಯಿದ್ದರೆ, ಅಂಥವಳೊಬ್ಬಳನ್ನು ಕರೆದು ಕೂರಿಸಿ.