ಪಾಳೆಯದೊಳಗಿನ ಊರು: ಕರೆನ್ ನಿರಾಶ್ರಿತರ ಇತಿಹಾಸವೂ ಸಭೆಯ ಸೇವೆಯೂ

ನಿರಾಶ್ರಿತರ ಶಿಬಿರವೆಂದ ಕೂಡಲೇ ಸಾಲು ಗುಡಾರಗಳು, ಅಕ್ಕಿಗಾಗಿ ಕೈಚಾಚಿ ನಿಂತ ಜನ, ಹಂಚುತ್ತಿರುವ ಪರದೇಶದ ಸೇವಕರು ನಮ್ಮ ಮನಸ್ಸಿಗೆ ಬರುತ್ತಾರೆ. ಈ ಚಿತ್ರದಲ್ಲಿ ಕೊಡುವವರೆಲ್ಲ ಹೊರಗಿನವರು, ಪಡೆಯುವವರೆಲ್ಲ ಒಳಗಿನವರು. ಬರ್ಮಾ-ಥಾಯ್ಲೆಂಡ್ ಗಡಿಯಲ್ಲಿ 1984ರಿಂದ ನೆಲೆಸಿರುವ ಕರೆನ್ ಜನಾಂಗದ ಇತಿಹಾಸವು ಈ ಚಿತ್ರವನ್ನು ತಿದ್ದಿಕೊಳ್ಳುವಂತೆ ನಮ್ಮನ್ನು ಒತ್ತಾಯಿಸುತ್ತದೆ. ಅಲ್ಲಿ ಒಬ್ಬರಿಗೊಬ್ಬರು ಆಧಾರವಾಗುವ ಸಮುದಾಯವನ್ನು ಕಟ್ಟಿದವರು ನಿರಾಶ್ರಿತರೇ. ಆ ಕಾರ್ಯದಲ್ಲಿ ಸಭೆಯ ಪಾತ್ರ ದೊಡ್ಡದು. ಆದರೆ ಅದೇ ಇತಿಹಾಸದಲ್ಲಿ ಕ್ರೈಸ್ತರು ಎಡವಿದ ಅಧ್ಯಾಯವೂ ಇದೆ. ಎರಡನ್ನೂ ಒಟ್ಟಿಗೆ ಓದಿದರೆ ಮಾತ್ರ ಅದು ನಮ್ಮ ಸೇವೆಗೆ ಪಾಠವಾದೀತು.

ಹೊತ್ತು ತಂದ ಬುತ್ತಿ

ಕರೆನ್ನರಲ್ಲಿ ಮೊದಲಿಗನಾದ ಕೋ ಥಾ ಬ್ಯೂ ದೀಕ್ಷಾಸ್ನಾನ ಹೊಂದಿದ್ದು 1828ರಲ್ಲಿ, ಜಾರ್ಜ್ ಬೋರ್ಡ್‌ಮನ್ ಎಂಬ ಬ್ಯಾಪ್ಟಿಸ್ಟ್ ಮಿಷನರಿಯಿಂದ. ಮುಂದಿನ ದಶಕದಲ್ಲಿ ಜೊನಾಥನ್ ವೇಡ್ ಕರೆನ್ ಭಾಷೆಗೆ ಬರ್ಮೀ ಅಕ್ಷರಗಳ ಆಧಾರದ ಮೇಲೆ ಲಿಪಿಯನ್ನು ರೂಪಿಸಿದನು. 1853ರಲ್ಲಿ ಫ್ರಾನ್ಸಿಸ್ ಮೇಸನ್ನನು ಸ್ಗಾ ಕರೆನ್ ಭಾಷೆಯ ಸತ್ಯವೇದವನ್ನು ಪೂರ್ಣಗೊಳಿಸಿದನು. ನಮ್ಮ ವಿಷಯಕ್ಕೆ ಇದಕ್ಕಿಂತಲೂ ಮುಖ್ಯವಾದುದು ಬಸ್ಸೆಯಿನ್ ಸೀಮೆಯ ಸಭೆಗಳ ಕಥೆ. ಎಲೀಷ ಅಬಟ್ ಎಂಬ ಮಿಷನರಿಯ ಒತ್ತಾಸೆಯಿಂದ ಅಲ್ಲಿನ ಸಭೆಗಳು ತಮ್ಮ ಪಾಲಕರನ್ನೂ ಶಾಲೆಗಳನ್ನೂ ತಾವೇ ಪೋಷಿಸುವುದನ್ನು ಬಹು ಬೇಗ ಕಲಿತವು. 1883ರಲ್ಲಿ ಸಿ. ಎಚ್. ಕಾರ್ಪೆಂಟರ್ ಈ ಸ್ವಾವಲಂಬನೆಯನ್ನು ಕುರಿತು ಒಂದು ಗ್ರಂಥವನ್ನೇ ಬರೆದನು. ಊರು, ಶಾಲೆ, ಸಭೆ ಈ ಮೂರನ್ನೂ ಜನರೇ ನಡೆಸಬೇಕೆಂಬ ಅಭ್ಯಾಸವು ಹೀಗೆ ಶಿಬಿರಗಳು ಹುಟ್ಟುವುದಕ್ಕೆ ನೂರು ವರ್ಷ ಮೊದಲೇ ಬೇರೂರಿತ್ತು.

ಇಲ್ಲಿ ಒಂದು ಸಂಗತಿಯನ್ನು ನೆನಪಿನಲ್ಲಿಡೋಣ. ಕರೆನ್ನರಲ್ಲಿ ಕ್ರೈಸ್ತರು ಎಂದೂ ಅಲ್ಪಸಂಖ್ಯಾತರೇ. ಬಹುಪಾಲು ಜನ ಬೌದ್ಧರು. ಆದರೆ ಅಕ್ಷರವೂ ಶಾಲೆಯೂ ಮೊದಲು ದೊರೆತದ್ದು ಕ್ರೈಸ್ತರಿಗೆ. ಆದುದರಿಂದ 1949ರಲ್ಲಿ ಕರೆನ್ ರಾಷ್ಟ್ರೀಯ ಒಕ್ಕೂಟವು ಬರ್ಮಾ ಸರ್ಕಾರದ ವಿರುದ್ಧ ಶಸ್ತ್ರ ಹಿಡಿದಾಗ ನಾಯಕತ್ವವು ಹೆಚ್ಚಾಗಿ ಅವರ ಕೈಯಲ್ಲೇ ಉಳಿಯಿತು.

ಮಳೆ ಬಂದರೂ ಹಿಂದಿರುಗಲಾಗದವರು

ಬರ್ಮಾ ಸೇನೆಯು ಬೇಸಗೆಯಲ್ಲಿ ದಾಳಿ ಮಾಡಿ, ಮಳೆಗಾಲ ಬಂದೊಡನೆ ಹಿಂದೆಗೆಯುವುದು ವಾಡಿಕೆಯಾಗಿತ್ತು. ಗಡಿ ದಾಟಿ ಹೋದ ಹಳ್ಳಿಗರು ಆಗ ಮನೆಗೆ ಮರಳಿ ಬಿತ್ತನೆ ಮಾಡುತ್ತಿದ್ದರು. 1984ರಲ್ಲಿ ಸೇನೆ ಹಿಂದೆಗೆಯಲಿಲ್ಲ. ಥಾಯ್ಲೆಂಡಿನ ತಾಕ್ ಪ್ರಾಂತಕ್ಕೆ ಬಂದಿದ್ದ ಸುಮಾರು 10,000 ಮಂದಿ ಅಲ್ಲಿಯೇ ಉಳಿದರು. ಮೇ ಲಾ ಶಿಬಿರವು ಹುಟ್ಟಿದ್ದು ಆ ವರ್ಷವೇ.

ಥಾಯ್ ಸರ್ಕಾರದ ಕೋರಿಕೆಯಂತೆ ಬ್ಯಾಂಕಾಕಿನ ಕ್ರೈಸ್ತ ಸೇವಾಸಂಸ್ಥೆಗಳು ಒಂದು ಒಕ್ಕೂಟ ರಚಿಸಿಕೊಂಡು ಅಕ್ಕಿ, ಉಪ್ಪು, ಮೀನಿನ ಗೊಜ್ಜು ಒದಗಿಸಿದವು. ಆದರೆ ಶಿಬಿರಗಳ ಆಡಳಿತವನ್ನು ಅವು ಕೈಗೆತ್ತಿಕೊಳ್ಳಲಿಲ್ಲ. ಹಂಚಿಕೆಯ ಹೊಣೆಯನ್ನು ನಿರಾಶ್ರಿತರದೇ ಆದ ಕರೆನ್ ನಿರಾಶ್ರಿತ ಸಮಿತಿಗೆ ಒಪ್ಪಿಸಲಾಯಿತು. ಆರಂಭದ ವರ್ಷಗಳಲ್ಲಿ ಹೊರಗಿನ ನೆರವು ಮುಖ್ಯ ಆಹಾರದ ಅರ್ಧದಷ್ಟನ್ನು ಮಾತ್ರ ತುಂಬುತ್ತಿತ್ತು. ಮಿಕ್ಕುದನ್ನು ಜನರು ಕಾಡಿನ ಸೊಪ್ಪು, ಕೈತೋಟ, ಕೂಲಿಗಳಿಂದ ಹೊಂದಿಸಿಕೊಂಡರು. ಬಿದಿರಿನ ಮನೆ ಕಟ್ಟಿ ಎಲೆ ಹೊದಿಸಿದರು. ಹಿರಿಯರು ಶಿಬಿರವನ್ನು ವಿಭಾಗಗಳಾಗಿ ಹಂಚಿ, ಒಂದೊಂದಕ್ಕೂ ಮುಖಂಡನನ್ನು ನೇಮಿಸಿ, ಜಗಳಗಳನ್ನು ತೀರ್ಮಾನಿಸಿದರು. ಕರೆನ್ ಮಹಿಳಾ ಸಂಘದವರು ದಿಕ್ಕಿಲ್ಲದ ಮಕ್ಕಳನ್ನೂ ವೃದ್ಧರನ್ನೂ ನೋಡಿಕೊಂಡರು. ಶಾಲೆಗೆ ಶಿಕ್ಷಕರು ಶಿಬಿರದವರೇ.

ನಮ್ಮಂಥ ಸೆಮಿನರಿಯವರಿಗೆ ಹೆಚ್ಚು ಆಪ್ತವಾದ ಪ್ರಸಂಗವೂ ಇಲ್ಲಿದೆ. 1983ರಲ್ಲಿ ಕರೆನ್ ಸೀಮೆಯಲ್ಲಿ ಸ್ಥಾಪಿತವಾದ ಒಂದು ಬ್ಯಾಪ್ಟಿಸ್ಟ್ ಸತ್ಯವೇದ ಶಾಲೆಯು ಯುದ್ಧದಿಂದ ನೆಲೆ ತಪ್ಪಿ, 1990ರಲ್ಲಿ ಮೇ ಲಾಕ್ಕೆ ಬಂದು ಪುನಃ ಆರಂಭವಾಯಿತು. ಪಾಸ್ಟರ್ ಸೈಮನ್ ಅದನ್ನು ದೀರ್ಘಕಾಲ ಮುನ್ನಡೆಸಿದರು. ಮುಂದಿನ ವರ್ಷ ಎಲ್ಲಿರುವೆವೋ ಎಂಬುದೇ ತಿಳಿಯದ ಸ್ಥಳದಲ್ಲಿ ಹಲವು ವರ್ಷಗಳ ಪಾಠಕ್ರಮವನ್ನು ಗೊತ್ತುಪಡಿಸುವುದು ವಿಶ್ವಾಸದ ಕಾರ್ಯವಲ್ಲದೆ ಮತ್ತೇನು? ಬಾಬೆಲಿನ ಸೆರೆಯವರಿಗೆ ಮನೆ ಕಟ್ಟಿರಿ, ತೋಟ ಮಾಡಿರಿ ಎಂದು ಪ್ರವಾದಿಯಾದ ಯೆರೆಮೀಯನು ಬರೆದು ಕಳುಹಿಸಿದ ಪತ್ರವನ್ನು ಈ ಜನರು ಓದಿದ್ದು ಮಾತ್ರವಲ್ಲ, ಬಾಳಿದರು.

ಬಿರುಕು

ಇನ್ನು ಮತ್ತೊಂದು ಅಧ್ಯಾಯ. ಒಕ್ಕೂಟದ ಸೇನೆಯಲ್ಲಿ ಮುಂಚೂಣಿಯಲ್ಲಿ ಕಾದಾಡುತ್ತಿದ್ದ ಸಾಮಾನ್ಯ ಸೈನಿಕರಲ್ಲಿ ಹೆಚ್ಚಿನವರು ಬೌದ್ಧರು. ಆಜ್ಞೆ ಕೊಡುವ ಸ್ಥಾನಗಳಲ್ಲಿ ಹೆಚ್ಚಿನವರು ಕ್ರೈಸ್ತರು. ಬಡ್ತಿಯಲ್ಲಿಯೂ ಸೌಲಭ್ಯಗಳಲ್ಲಿಯೂ ತಮಗೆ ತಾರತಮ್ಯವಾಗುತ್ತಿದೆ ಎಂಬ ಕೊರಗು ವರ್ಷಗಟ್ಟಲೆ ಬೆಳೆಯಿತು. ಯು ಥುಝಾನ ಎಂಬ ಬೌದ್ಧ ಭಿಕ್ಷುವು ಒಕ್ಕೂಟದ ಕೇಂದ್ರವಾದ ಮನೆರ್ಪ್ಲಾದ ಸಮೀಪ ಪಗೋಡ ಕಟ್ಟಲು ಹೊರಟಾಗ ಅದು ಶತ್ರುವಿಮಾನಗಳಿಗೆ ಗುರುತಾಗುವುದೆಂದು ನಾಯಕರು ತಡೆದರು. ಸೇನಾದೃಷ್ಟಿಯಿಂದ ಆ ಕಾರಣ ಸರಿಯಿದ್ದಿರಬಹುದು. ಆದರೆ ಬಹುಕಾಲ ಯಾರ ದೂರಿಗೆ ಕಿವಿಗೊಟ್ಟಿರಲಿಲ್ಲವೋ ಅವರ ಕಿವಿಗೆ ಅದು ಅವಮಾನವಾಗಿಯೇ ಕೇಳಿಸಿತು. 1994ರ ಡಿಸೆಂಬರಿನಲ್ಲಿ ಬೌದ್ಧ ಸೈನಿಕರು ದಂಗೆಯೆದ್ದು ಬೇರೆಯಾದರು. ಬರ್ಮಾ ಸೇನೆಯು ಈ ಒಡಕನ್ನು ಬಳಸಿಕೊಂಡಿತು. 1995ರ ಜನವರಿಯಲ್ಲಿ ಮನೆರ್ಪ್ಲಾ ಬಿದ್ದಿತು. ಬೇರೆಯಾದವರು ಗಡಿ ದಾಟಿ ಬಂದು ಶಿಬಿರಗಳ ಮೇಲೆಯೇ ದಾಳಿ ಮಾಡಿದರು. ಹುವೇ ಕಲೋಕ್ ಶಿಬಿರವನ್ನು 1997ರಲ್ಲೊಮ್ಮೆ, 1998ರಲ್ಲಿ ಮತ್ತೊಮ್ಮೆ ಸುಟ್ಟರು. ಒಂದೇ ಭಾಷೆಯ ಅಣ್ಣತಮ್ಮಂದಿರೇ ಮನೆಗಳಿಗೆ ಬೆಂಕಿ ಹಚ್ಚಿದರು.

ಈ ದುರಂತಕ್ಕೆ ಕ್ರೈಸ್ತರೊಬ್ಬರೇ ಕಾರಣರೆಂದರೆ ಅನ್ಯಾಯವಾದೀತು. ಒಡೆದು ಆಳುವ ಸೇನಾಡಳಿತದ ಕೈವಾಡ ಅದರಲ್ಲಿ ಸ್ಪಷ್ಟ. ಆದರೂ ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯವನ್ನು ತೆರೆದಿಟ್ಟುಕೊಂಡು ಈ ಇತಿಹಾಸವನ್ನು ಓದುವಾಗ ನಮಗೆ ನೋವಾಗುತ್ತದೆ. ಯೆರೂಸಲೇಮಿನಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದಿನದ ಹಂಚಿಕೆಯಲ್ಲಿ ಕೊರತೆಯಾಯಿತೆಂದು ಗುಣುಗುಟ್ಟುವಿಕೆ ಎದ್ದಿತು. ಅಪೊಸ್ತಲರು ಗುಣುಗುಟ್ಟಿದವರನ್ನು ಗದರಿಸಲಿಲ್ಲ. ಏಳು ಮಂದಿಯನ್ನು ಆರಿಸಿಕೊಳ್ಳುವಂತೆ ಹೇಳಿದರು. ಸ್ತೆಫನ, ಫಿಲಿಪ್ಪ ಮೊದಲಾದ ಆ ಏಳು ಹೆಸರುಗಳೂ ಗ್ರೀಕ್ ಹೆಸರುಗಳೇ. ಎಂದರೆ, ದೂರು ಯಾವ ಕಡೆಯಿಂದ ಬಂದಿತೋ ಆ ಕಡೆಯವರ ಕೈಗೇ ಹಂಚುವ ಅಧಿಕಾರ ಹೋಯಿತೆಂದು ತೋರುತ್ತದೆ. ಅಲ್ಲಿ ಸಭೆಯೊಳಗಿನ ವಿಧವೆಯರ ಮಾತು, ಇಲ್ಲಿ ಅನ್ಯಧರ್ಮದ ನೆರೆಯವರ ಮಾತು ಎಂಬ ಭೇದವುಂಟು. ಆದರೆ ಹಸಿದವನ ದೂರನ್ನು ಹೇಗೆ ಕೇಳಬೇಕೆಂಬ ಪಾಠ ಒಂದೇ.

ಬಿರುಕಿನ ನಂತರ

1994ರ ವೇಳೆಗೆ ಗಡಿಯುದ್ದಕ್ಕೂ ಸುಮಾರು 30 ಚಿಕ್ಕ ಶಿಬಿರಗಳಿದ್ದವು. ದಾಳಿಗಳ ಭಯದಿಂದ ಥಾಯ್ ಅಧಿಕಾರಿಗಳು ಅವನ್ನು ಕೆಲವೇ ದೊಡ್ಡ ಶಿಬಿರಗಳಾಗಿ ಒಟ್ಟುಗೂಡಿಸಿದರು. ಮೇ ಲಾ ಹಳ್ಳಿಯಂತಿದ್ದುದು ಪಟ್ಟಣದಂತಾಯಿತು. ಹೊರಗೆ ಹೋಗಿ ಸೊಪ್ಪು ಆರಿಸುವ, ಕೂಲಿ ಮಾಡುವ ದಾರಿ ಕಿರಿದಾಗಿ, ಪಡಿತರದ ಅವಲಂಬನೆ ಹೆಚ್ಚಿತು. ಆ ಒಂದೇ ಕಣಿವೆಯಲ್ಲಿ ಚರ್ಚುಗಳು, ಬೌದ್ಧ ವಿಹಾರಗಳು, ಮಸೀದಿಗಳು ಜೊತೆಯಾಗಿ ನಿಂತಿವೆ. 2005ರಿಂದ ಅಮೆರಿಕ ಮೊದಲಾದ ದೇಶಗಳಿಗೆ ವಲಸೆಯ ಬಾಗಿಲು ತೆರೆಯಿತು. 2014ರ ಹೊತ್ತಿಗೆ ಅಮೆರಿಕವೊಂದಕ್ಕೇ 70,000ಕ್ಕಿಂತ ಹೆಚ್ಚು ಮಂದಿ ಹೋದರು. ಓದು ಬಲ್ಲ ಶಿಕ್ಷಕರು, ಆರೋಗ್ಯ ಸೇವಕರು ಹೊರಟುಹೋದ ಮೇಲೆ ಉಳಿದವರು ಹೊಸಬರನ್ನು ತರಬೇತುಗೊಳಿಸಿ ಮತ್ತೆ ಕಟ್ಟಬೇಕಾಯಿತು. 2025ರಲ್ಲಿ ಹಣದ ಕೊರತೆಯಿಂದ ಬಹುಪಾಲು ಕುಟುಂಬಗಳ ಆಹಾರ ನೆರವು ನಿಂತಿತು. ಅದೇ ವರ್ಷ ಥಾಯ್ ಸರ್ಕಾರವು ಶಿಬಿರದವರಿಗೆ ಹೊರಗೆ ದುಡಿಯಲು ಅನುಮತಿ ಕೊಡಲು ತೀರ್ಮಾನಿಸಿತು. ನಲವತ್ತು ವರ್ಷಗಳ ಬಳಿಕ ಅವರು ಮತ್ತೊಮ್ಮೆ ತಮ್ಮ ಕೈಗಳನ್ನೇ ನೆಚ್ಚಬೇಕಾಗಿದೆ.

ಉಪಸಂಹಾರ

ಈ ಇತಿಹಾಸದಿಂದ ನಾವು ಎರಡು ಮಾತುಗಳನ್ನು ಕಲಿಯುತ್ತೇವೆ. ಮೊದಲನೆಯದು, ನೆಲೆ ಕಳೆದುಕೊಂಡವರನ್ನು ಬರಿಗೈಯವರೆಂದು ಎಣಿಸಲಾಗದು. ಅವರು ತಮ್ಮ ಹಿರಿಯರನ್ನೂ ಶಾಲೆಯನ್ನೂ ಪ್ರಾರ್ಥನೆಯನ್ನೂ ಹೊತ್ತು ತಂದಿರುತ್ತಾರೆ. ನೆರವಾಗ ಬಯಸುವ ಸಭೆಯು ಮೊದಲು ಆ ಬುತ್ತಿಯನ್ನು ಗುರುತಿಸಬೇಕು, ತಾನೇ ಯಜಮಾನನಾಗಬಾರದು. ಎರಡನೆಯದು, ಬಲವಾದ ಸಭೆಯು ತನ್ನವರಿಗೆ ಆಸರೆಯಾದ ಮಾತ್ರಕ್ಕೆ ಎಲ್ಲರಿಗೂ ಆಸರೆಯಾಯಿತೆಂದು ಅರ್ಥವಲ್ಲ. ಗೋಡೆಯು ಒಳಗಿನವರಿಗೆ ಮರೆಯಾಗಿದ್ದರೆ ಹೊರಗಿನವರಿಗೆ ತಡೆಯಾಗಿರುತ್ತದೆ. ನಮ್ಮ ಸಭೆಗಳಲ್ಲಿ ನೆರೆಹಾವಳಿಯ ಪರಿಹಾರವನ್ನೋ ಶಾಲೆಯ ಸೀಟನ್ನೋ ಹಂಚುವಾಗ ಪಟ್ಟಿಯನ್ನು ಬರೆಯುವವರು ಯಾರು, ಅದರ ಬಗ್ಗೆ ಗುಣುಗುಟ್ಟುತ್ತಿರುವವರು ಯಾರು ಎಂದು ಕೇಳಿಕೊಳ್ಳೋಣ. ಆ ಗುಣುಗುಟ್ಟುವಿಕೆಯನ್ನು ಸಕಾಲದಲ್ಲಿ ಕೇಳಿಸಿಕೊಳ್ಳುವುದು ಸಭಾಪಾಲಕನ ಕರ್ತವ್ಯಗಳಲ್ಲಿ ಒಂದು.